ಏಳಿ, ಉಸಿರಿನ ಲೆಕ್ಕ ಬರೆಯಿರಿ

ನಮ್ಮದು ಕಲ್ಲಿನ ನಾಡು. ಮಸ್ಕಿಯ ಮಲ್ಲಿಕಾರ್ಜುನ ಬೆಟ್ಟದಿಂದ ಮುದಗಲ್ಲಿನ ಕೋಟೆಯವರೆಗೆ, ಲಿಂಗಸುಗೂರು ಸೀಮೆಯ ಕಲ್ಲುಗಣಿಗಳಿಂದ ಹಟ್ಟಿಯ ಚಿನ್ನದ ಗಣಿಯ ಪಾತಾಳದವರೆಗೆ ಎಲ್ಲಿ ಹೆಜ್ಜೆ ಇಟ್ಟರೂ ಬಂಡೆ, ಎಲ್ಲಿ ಅಗೆದರೂ ಬಂಡೆ. ಈ ಬಂಡೆಯನ್ನು ಸೀಳಿ ನಮ್ಮ ಹಿರಿಯರು ಗುಡಿ ಕಟ್ಟಿದರು, ಕೋಟೆ ಕಟ್ಟಿದರು, ಬಾವಿ ತೋಡಿದರು, ಕಾಲುವೆ ಕಡಿದರು. ಹಟ್ಟಿಯ ನೆಲದಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಬೆಂಕಿಯಿಂದ ಬಂಡೆ ಕಾಯಿಸಿ, ಬಿರಿಯುವಂತೆ ಮಾಡಿ, ನೂರಾರು ಅಡಿ ಆಳಕ್ಕೆ ಇಳಿದು ಹೊನ್ನು ತಂದರು. ಆ ಹೊನ್ನು ಅರಸರ ಕಿರೀಟಕ್ಕೆ ಏರಿತು. ಅದನ್ನು ತೆಗೆದವರ ಎದೆಗೆ ಏನು ಇಳಿಯಿತು?

ದೂಳು ಇಳಿಯಿತು.

ಇಂದಿಗೂ ಇಳಿಯುತ್ತಿದೆ. ಕ್ವಾರಿಯಲ್ಲಿ ಕಂಪ್ರೆಸರ್ ಹಚ್ಚಿ ಬಂಡೆಗೆ ತೂತು ಕೊರೆಯುವವನ ಎದೆಗೆ, ಕ್ರಷರ್ ಬಾಯಿಗೆ ಕಲ್ಲು ತುಂಬುವವಳ ಎದೆಗೆ, ಬೆಂಗಳೂರಿನ ಹತ್ತನೇ ಮಹಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ಗ್ರಾನೈಟ್ ಕತ್ತರಿಸುವ ನಮ್ಮೂರ ಹುಡುಗನ ಎದೆಗೆ, ಹತ್ತು ವರ್ಷ, ಹದಿನೈದು ವರ್ಷ, ಇಪ್ಪತ್ತು ವರ್ಷ ಸದ್ದಿಲ್ಲದೆ ಇಳಿದ ದೂಳು ಒಂದು ದಿನ ರೋಗವಾಗಿ ಎದ್ದು ನಿಲ್ಲುತ್ತದೆ. ವೈದ್ಯರು ಅದನ್ನು ಸಿಲಿಕೋಸಿಸ್ ಎನ್ನುತ್ತಾರೆ. ವಾಸಿಯಾಗದ ರೋಗ ಅದು. ಆದರೆ ಬಾರದಂತೆ ಪೂರಾ ತಡೆಯಬಲ್ಲ ರೋಗವೂ ಹೌದು. ಈ ಎರಡು ಮಾತುಗಳ ನಡುವೆ ಇರುವ ಜಾಗವೇ ನಮ್ಮ ನಿಮ್ಮ ಕರ್ಮಭೂಮಿ.

ಮಸ್ಕಿಯ, ಲಿಂಗಸುಗೂರಿನ, ಸಿಂಧನೂರಿನ ಯುವಕರೇ, ಯುವತಿಯರೇ, ಈ ಲೇಖನ ನಿಮಗಾಗಿ.

ಒಂದು ಕಲ್ಲುಗಣಿಯ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಉಕ್ಕಿನ ರಾಡು ಬಂಡೆಗೆ ತಾಗಿದ ಗಳಿಗೆಯೇ ತೂತಿನ ಬಾಯಿಂದ ಬಿಳಿ ದೂಳು ಬುಸ್ಸೆಂದು ಏಳುತ್ತದೆ. ಡ್ರಿಲ್ಲಿನ ಹಿಡಿಕೆಯ ಮೇಲೆ ಬಾಗಿದವನ ಹುಬ್ಬು ಬೆಳ್ಳಗೆ, ಕಣ್ಣಿನ ರೆಪ್ಪೆ ಬೆಳ್ಳಗೆ. ಮೂಗು ಬಾಯಿಗೆ ಬಿಗಿದ ಟವೆಲ್ಲಿನಲ್ಲಿ ಉಸಿರು ತಾಗುವಷ್ಟು ಜಾಗ ಮಾತ್ರ ಒದ್ದೆಯಾಗಿ ಕೆಸರಿನ ಬಣ್ಣಕ್ಕೆ ತಿರುಗಿರುತ್ತದೆ. ಪಾಳಿ ಮುಗಿಸಿದವನು ಟವೆಲ್ ಬಿಚ್ಚಿ, ಎರಡು ಸಲ ಕೊಡವಿ, ಮುಖಕ್ಕೆ ನೀರು ಹಾಕಿಕೊಂಡು ದೂಳು ಹೋಯಿತು ಎಂದುಕೊಳ್ಳುತ್ತಾನೆ. ಕಣ್ಣಿಗೆ ಕಂಡ ದೂಳು ಹೋಯಿತು, ನಿಜ. ಕಾಣದ ದೂಳು? ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲೂ ಇರದ ಕಣಗಳು ಆ ಟವೆಲ್ಲಿನ ಎಳೆಗಳ ನಡುವೆ ಸರಾಗವಾಗಿ ನುಸುಳಿ, ಮೂಗಿನ ಕೂದಲನ್ನು ದಾಟಿ, ಗಂಟಲನ್ನು ದಾಟಿ, ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡಿಗೆ ಹೋಗಿ ಕೂತಿರುತ್ತವೆ.

ಅಲ್ಲಿಂದ ಮುಂದೆ ನಡೆಯುವುದನ್ನು ನೀವು ತಿಳಿಯಲೇಬೇಕು. ಬೆಣಚುಕಲ್ಲು, ಗ್ರಾನೈಟ್, ಮರಳುಗಲ್ಲು, ಇವೆಲ್ಲವುಗಳಲ್ಲಿ ಸಿಲಿಕಾ ಇದೆ. ಹಟ್ಟಿಯ ಚಿನ್ನ ಅಡಗಿರುವುದೂ ಬೆಣಚುಕಲ್ಲಿನ ಪಟ್ಟೆಗಳಲ್ಲೇ. ಶ್ವಾಸಕೋಶದ ಕಾವಲಿಗೆಂದೇ ಇರುವ ಜೀವಕೋಶಗಳು ಈ ಕಣ ಬಂದೊಡನೆ ಓಡಿ ಬಂದು ನುಂಗುತ್ತವೆ. ರೋಗಾಣುವಾದರೆ ಅರಗಿಸಿಬಿಡುತ್ತಿದ್ದವು. ಕಲ್ಲನ್ನು ಅರಗಿಸುವುದು ಹೇಗೆ? ನುಂಗಿದ ಕೋಶ ಸಾಯುತ್ತದೆ. ಸಾಯುವಾಗ ಅಪಾಯ ಬಂದಿದೆ ಎಂದು ಸಾರುವ ರಾಸಾಯನಿಕಗಳನ್ನು ಸುತ್ತಲೂ ಚೆಲ್ಲುತ್ತದೆ. ಕಣ ಮಾತ್ರ ಹಾಗೇ ಉಳಿಯುತ್ತದೆ. ಮತ್ತೊಂದು ಕೋಶ ಬಂದು ನುಂಗುತ್ತದೆ, ಅದೂ ಸಾಯುತ್ತದೆ. ಹೀಗೆ ಶುರುವಾದ ಉರಿಯೂತ ಬೂದಿ ಮುಚ್ಚಿದ ಕೆಂಡದಂತೆ ಒಳಗೊಳಗೇ ಉರಿಯುತ್ತ ವರ್ಷಗಟ್ಟಲೆ ಉಳಿಯುತ್ತದೆ. ಉರಿದಲ್ಲೆಲ್ಲ ಗಾಯದ ಕಲೆಯಂಥ ಗಟ್ಟಿ ನಾರು ಬೆಳೆದು, ಗಂಟು ಕಟ್ಟಿ, ಮೆತ್ತಗೆ ಹಿಗ್ಗಿ ಕುಗ್ಗಬೇಕಾದ ಶ್ವಾಸಕೋಶ ಬಿರುಸಾಗುತ್ತ ಹೋಗುತ್ತದೆ.

ಕೆಲಸ ಬಿಟ್ಟರೆ ನಿಲ್ಲುತ್ತದೆಯೇ? ಒಳಗೆ ಕೂತ ಕಣ ಅಲ್ಲೇ ಇರುವುದರಿಂದ, ಊರಿಗೆ ಮರಳಿ ಹೊಲದ ಗಾಳಿ ಕುಡಿದರೂ ರೋಗ ಬೆಳೆಯುತ್ತಲೇ ಇರಬಹುದು. ದೂಳು ವಿಪರೀತವಾದ ಕಡೆ ಐದು ವರ್ಷದೊಳಗೇ ಅದು ಕಾಣಿಸಿಕೊಳ್ಳುವುದೂ ಉಂಟು. ಸಿಲಿಕಾ ಸೋಕಿದ ಶ್ವಾಸಕೋಶಕ್ಕೆ ಕ್ಷಯ ತಗಲುವ ಸಂಭವ ಹಲವು ಪಟ್ಟು ಹೆಚ್ಚು. ಶ್ವಾಸಕೋಶದ ಕ್ಯಾನ್ಸರಿಗೂ ಇದು ಕಾರಣ ಎಂದು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 1997ರಲ್ಲೇ ಸಾರಿದೆ. ಕೀಲುಗಳನ್ನು ಹಿಡಿಯುವ ಸಂಧಿವಾತಕ್ಕೂ, ಮೂತ್ರಪಿಂಡದ ಕಾಯಿಲೆಗೂ ಈ ದೂಳಿನ ನಂಟಿದೆ. ಕಣ್ಣಿಗೆ ಕಾಣದ ಒಂದು ಕಣ. ಇಡೀ ದೇಹಕ್ಕೆ ಬೆಂಕಿ.

ಇಷ್ಟು ದೊಡ್ಡ ರೋಗ ನಮ್ಮ ಊರುಗಳಲ್ಲಿ ಏಕೆ ಕಾಣುವುದಿಲ್ಲ? ಏಕೆಂದರೆ ಅದು ಬೇರೆ ಹೆಸರಿನಲ್ಲಿ ತಿರುಗುತ್ತಿರುತ್ತದೆ. ನಲವತ್ತು ದಾಟದ ಗಟ್ಟಿಮುಟ್ಟಾದ ಆಳು ಮಲ್ಲಿಕಾರ್ಜುನನ ಬೆಟ್ಟದ ಮೆಟ್ಟಿಲು ಹತ್ತುವಾಗ ನಾಲ್ಕು ಕಡೆ ನಿಂತರೆ ನಾವು ದಮ್ಮು ಎನ್ನುತ್ತೇವೆ. ರಾತ್ರಿಯಿಡೀ ಕೆಮ್ಮಿದರೆ ಬೀಡಿ ಬಿಡು ಎನ್ನುತ್ತೇವೆ. ತೂಕ ಇಳಿದರೆ ಟಿ.ಬಿ. ಎನ್ನುತ್ತೇವೆ. ಕಫದಲ್ಲಿ ಕ್ಷಯದ ಕ್ರಿಮಿ ಸಿಗದಿದ್ದರೂ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿ, ಗುಣ ಕಾಣದೆ, ಸಾಲ ಮಾಡಿ ಊರೂರು ಅಲೆದು, ಕೊನೆಗೆ ಎರಡು ದಿಂಬು ಬೆನ್ನಿಗೆ ಕೊಟ್ಟು ಕೂತಲ್ಲೇ ನಿದ್ದೆ ಮಾಡುವ ಸ್ಥಿತಿಗೆ ಬಂದ ಮೇಲೂ, ಆತ ಮಾಡಿದ ಕೆಲಸ ಯಾವುದು ಎಂದು ಒಬ್ಬರೂ ಕೇಳಿರುವುದಿಲ್ಲ.

ಅದರ ಮೇಲೆ ಗುಳೆ. ಮಳೆ ಕೈಕೊಟ್ಟ ವರ್ಷ ನಮ್ಮ ಹಳ್ಳಿಗಳು ಬೆಂಗಳೂರಿಗೆ, ಪುಣೆಗೆ, ಗೋವಾಕ್ಕೆ ಗಂಟುಮೂಟೆ ಕಟ್ಟುತ್ತವೆ. ಈ ವರ್ಷ ಟೈಲ್ಸ್ ಕತ್ತರಿಸಿದವನು ಬರುವ ವರ್ಷ ಕ್ರಷರಿನಲ್ಲಿ, ಅದರಾಚೆಯ ವರ್ಷ ರಸ್ತೆ ಕೆಲಸದಲ್ಲಿ. ದೂಳು ಕುಡಿದದ್ದು ಒಂದು ಜಿಲ್ಲೆಯಲ್ಲಿ, ಕೆಮ್ಮು ಕಂಡದ್ದು ಇನ್ನೊಂದರಲ್ಲಿ, ಮಣ್ಣಾದದ್ದು ಹುಟ್ಟಿದೂರಿನಲ್ಲಿ. ಯಾವ ಮಾಲೀಕನ ಹಾಜರಿ ಪುಸ್ತಕದಲ್ಲೂ ಅವನ ಹೆಸರಿಲ್ಲ. ಯಾವ ಆಸ್ಪತ್ರೆಯ ಚೀಟಿಯಲ್ಲೂ ಅವನ ದುಡಿಮೆಯ ಸುದ್ದಿಯಿಲ್ಲ. ಎಣಿಸದ ರೋಗಿ ಸರ್ಕಾರಕ್ಕೆ ಕಾಣುವುದಿಲ್ಲ. ಕಾಣದ ರೋಗಕ್ಕೆ ಸಂಶೋಧನೆಯ ಹಣ ಬರುವುದಿಲ್ಲ. ಹಣ ಬಾರದ ರೋಗಕ್ಕೆ ಔಷಧಿ ಹುಟ್ಟುವುದಿಲ್ಲ.

ಹಾಗಾದರೆ ಮೊದಲ ಕೆಲಸ ಯಾವುದು? ಎಣಿಸುವುದು.

ಇದಕ್ಕೆ ವೈದ್ಯಕೀಯ ಪದವಿ ಬೇಕಿಲ್ಲ. ಮುನ್ನೂರು ವರ್ಷಗಳ ಹಿಂದೆ ಇಟಲಿಯ ಬರ್ನಾರ್ಡಿನೊ ರಾಮಜ್ಜಿನಿ ಎಂಬ ವೈದ್ಯ ದುಡಿಯುವವರ ರೋಗಗಳ ಬಗ್ಗೆ 1700ರಲ್ಲಿ ಒಂದು ಗ್ರಂಥ ಬರೆದ. ರೋಗಿಯ ಮುಂದೆ ಕೂತಾಗ ಕೇಳುವ ಪ್ರಶ್ನೆಗಳ ಸಾಲಿಗೆ ಇನ್ನೊಂದನ್ನು ಸೇರಿಸಿ, ಆತ ಏನು ಕೆಲಸ ಮಾಡುತ್ತಾನೆ ಎಂದು ಕೇಳಿ ಎಂದು ತನ್ನ ಕಾಲದ ವೈದ್ಯರಿಗೆ ತಾಕೀತು ಮಾಡಿದ. ಒಂದೇ ಪ್ರಶ್ನೆ! ಮುನ್ನೂರು ವರ್ಷವಾದರೂ ಆ ಪ್ರಶ್ನೆ ನಮ್ಮ ಹಳ್ಳಿಗಳ ಜಗಲಿಗೆ ಇನ್ನೂ ಬಂದಿಲ್ಲ. ಅದನ್ನು ತರುವವರು ನೀವಾಗಬೇಕು.

ಎಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ನಾಡಿನಲ್ಲೇ ಇದೆ. ಭಾರತದಲ್ಲಿ ಈ ರೋಗದ ಮೊದಲ ವೈದ್ಯಕೀಯ ವರದಿಗಳು ಬಂದದ್ದು ಕೋಲಾರದ ಚಿನ್ನದ ಗಣಿಗಳಿಂದ. 1940ರ ದಶಕದಲ್ಲಿ ಅಲ್ಲಿ ಸಾವಿರಾರು ಕಾರ್ಮಿಕರ ಎದೆಯ ಎಕ್ಸ್‌ರೇ ತೆಗೆದು ನೋಡಿದಾಗ ನೂರಕ್ಕೆ 40ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತು. ಶಿವನಸಮುದ್ರದಿಂದ 1902ರಲ್ಲೇ ವಿದ್ಯುತ್ ತಂದುಕೊಂಡ ಗಣಿ, ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದೆಂದು ಹೆಸರಾದ ಗಣಿ, ತನ್ನೊಳಗೆ ಇಳಿದವರ ಎದೆಯಲ್ಲಿ ಏನನ್ನು ಬಿಟ್ಟಿತ್ತು ಎಂಬುದನ್ನು ಆ ಎಣಿಕೆ ಹೊರಗೆ ಹಾಕಿತು. 2001ರ ಫೆಬ್ರುವರಿ 28ರಂದು ಕೋಲಾರದ ಗಣಿ ಬಾಗಿಲು ಹಾಕಿತು. ಬಾಗಿಲು ಹಾಕಿದ ಗಣಿಯ ದೂಳು ಮಾತ್ರ ಉಸಿರಾಡಿದವರ ಎದೆಯೊಳಗೇ ಉಳಿಯಿತು. ಕೋಲಾರ ಕಲಿಸಿದ ಪಾಠವನ್ನು ರಾಯಚೂರು ಮತ್ತೆ ಅನುಭವಿಸಿಯೇ ಕಲಿಯಬೇಕೆ?

ಮಧ್ಯಪ್ರದೇಶದ ಝಾಬುವಾ, ಅಲಿರಾಜಪುರ ಜಿಲ್ಲೆಗಳತ್ತ ನೋಡಿ. ಅಲ್ಲಿಯ ಆದಿವಾಸಿಗಳು ನಮ್ಮವರಂತೆಯೇ ಗುಳೆ ಹೊರಟು ಗುಜರಾತಿನ ಗೋಧ್ರಾ ಸೀಮೆಯ ಬೆಣಚುಕಲ್ಲು ಪುಡಿಮಾಡುವ ಕಾರ್ಖಾನೆಗಳಿಗೆ ಹೋದರು. ಹೋದವರು ಕೆಮ್ಮುತ್ತ ಬಂದರು, ಒಬ್ಬೊಬ್ಬರಾಗಿ ಸತ್ತರು. ಆದರೆ ಅಲ್ಲಿಯ ಸಂಘಟನೆಗಳು ಕೈಕಟ್ಟಿ ಕೂರಲಿಲ್ಲ. ಹಳ್ಳಿಯಿಂದ ಹಳ್ಳಿಗೆ ನಡೆದು, ಮನೆಮನೆಯ ಬಾಗಿಲು ತಟ್ಟಿ, ಯಾರು ಹೋದರು, ಎಷ್ಟು ದಿನ ದುಡಿದರು, ಯಾವಾಗ ಸತ್ತರು ಎಂದು ಬರೆದರು. ಆ ಪಟ್ಟಿ ಮಾನವ ಹಕ್ಕುಗಳ ಆಯೋಗಕ್ಕೆ ಹೋಯಿತು, ಸುಪ್ರೀಂ ಕೋರ್ಟಿನ ಮುಂದೆ ನಿಂತಿತು. ಸತ್ತ 238 ಮಂದಿಯ ಕುಟುಂಬಗಳಿಗೆ ತಲಾ 3 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ನ್ಯಾಯಾಲಯ 2016ರಲ್ಲಿ ಆಜ್ಞೆ ಮಾಡಿತು. ಸತ್ತವರು ಮರಳಿ ಬರಲಿಲ್ಲ. ಆದರೆ ಅವರ ಸಾವಿಗೆ ಕಾರಣ ಏನೆಂದು ದೇಶದ ಅತಿ ದೊಡ್ಡ ನ್ಯಾಯಾಲಯ ಒಪ್ಪಿತು. ಆ ಬಲ ಬಂದದ್ದು ಎಲ್ಲಿಂದ? ಹೆಸರು ಬರೆದ ಕಾಗದದಿಂದ.

ರಾಜಸ್ಥಾನದ ಕಲ್ಲುಗಣಿ ಕಾರ್ಮಿಕರು ಹೀಗೆಯೇ ಹೋರಾಡಿದರು. 2019ರಲ್ಲಿ ಆ ರಾಜ್ಯ ದೂಳಿನ ಶ್ವಾಸಕೋಶ ರೋಗಗಳಿಗೆಂದೇ ಪ್ರತ್ಯೇಕ ನೀತಿ ತಂದಿತು: ರೋಗ ದೃಢಪಟ್ಟವರಿಗೆ 3 ಲಕ್ಷ ರೂಪಾಯಿ, ತೀರಿಕೊಂಡರೆ ಕುಟುಂಬಕ್ಕೆ 2 ಲಕ್ಷ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳ ಕಾರ್ಮಿಕರು ಒಟ್ಟಾಗಿ ದಾವೆ ಹೂಡಿ, 2018ರಲ್ಲಿ ಗಣಿ ಕಂಪನಿಗಳು ಸುಮಾರು 500 ಕೋಟಿ ರಾಂಡ್‌ ಪರಿಹಾರಕ್ಕೆ ಒಪ್ಪುವಂತೆ ಮಾಡಿದರು. ಆಸ್ಟ್ರೇಲಿಯದಲ್ಲಿ ಅಡುಗೆಮನೆಯ ಕಟ್ಟೆಗೆ ಹಾಕುವ ಕೃತಕ ಕಲ್ಲನ್ನು ಕತ್ತರಿಸುತ್ತಿದ್ದ ಹರೆಯದ ಕೆಲಸಗಾರರಲ್ಲಿ ರೋಗ ಕಂಡಾಗ ವೈದ್ಯರೂ ಕಾರ್ಮಿಕ ಸಂಘಗಳೂ ಒಂದೇ ದನಿಯಲ್ಲಿ ಎದ್ದರು; 2024ರ ಜುಲೈ 1ರಿಂದ ಆ ಕಲ್ಲನ್ನೇ ಆ ದೇಶ ನಿಷೇಧಿಸಿತು. ಆಫ್ರಿಕದ ಗಣಿಕಾರ್ಮಿಕನಿಗೆ ಸಾಧ್ಯವಾದದ್ದು, ಝಾಬುವಾದ ಆದಿವಾಸಿಗೆ ಸಾಧ್ಯವಾದದ್ದು, ನಮಗೆ ಸಾಧ್ಯವಿಲ್ಲವೇ?

ನಾವು ಶಾಲೆಯಲ್ಲಿ ಅಕ್ಷರ ತಿದ್ದಿದ ಬಳಪವನ್ನೂ ಒಮ್ಮೆ ನೆನೆಯಬೇಕು. ಮಧ್ಯಪ್ರದೇಶದ ಮಂದಸೌರಿನಲ್ಲಿ ಸ್ಲೇಟು ಬಳಪ ಕೊಯ್ಯುವ ಕೆಲಸಗಾರರನ್ನು 1980ರ ದಶಕದಲ್ಲಿ ಪರೀಕ್ಷಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಮಕ್ಕಳ ಕೈಗೆ ಅಕ್ಷರ ಕೊಟ್ಟವರು ತಮ್ಮ ಉಸಿರು ಕೊಟ್ಟಿದ್ದರು. ಓದಿದ ಪ್ರತಿಯೊಬ್ಬನ ಮೇಲೂ ಈ ಋಣವಿದೆ. ಅಕ್ಷರದ ಋಣವನ್ನು ಅಕ್ಷರದಿಂದಲೇ ತೀರಿಸೋಣ.

ತಡೆಯುವ ದಾರಿ ಕಷ್ಟದ್ದೇ? ಅಲ್ಲವೇ ಅಲ್ಲ. ಕೊರೆಯುವಾಗ ನೀರು ಹಾಯಿಸಿದರೆ ದೂಳು ಏಳುವ ಮೊದಲೇ ಕೆಸರಾಗಿ ಕೂರುತ್ತದೆ. ಕ್ರಷರಿಗೆ ಮರೆ ಕಟ್ಟಿ ನೀರಿನ ತುಂತುರು ಹಾಕಿದರೆ ಬಹುಪಾಲು ದೂಳು ಅಲ್ಲೇ ಸಾಯುತ್ತದೆ. ಕತ್ತರಿಸುವ ಯಂತ್ರಕ್ಕೆ ನೀರಿನ ಪೈಪು, ದೂಳು ಹೀರುವ ಯಂತ್ರ, ಮುಖಕ್ಕೆ ಸರಿಯಾಗಿ ಕೂರುವ ಎನ್‌95 ಮಾಸ್ಕ್, ಕಾಲಕಾಲಕ್ಕೆ ಎಕ್ಸ್‌ರೇ. ಮಾಸ್ಕು ಕೊನೆಯ ಕಾವಲು, ನೀರು ಮೊದಲ ಕಾವಲು. ನೀರಿಗಾಗಿ ಹೋರಾಡುವುದನ್ನು ಮಸ್ಕಿ ಸೀಮೆಗೆ ಯಾರೂ ಕಲಿಸಬೇಕಿಲ್ಲ. 5ಎ ಕಾಲುವೆ ಬೇಕೆಂದು ಪಾಮನಕಲ್ಲೂರಿನಲ್ಲಿ ನಮ್ಮ ರೈತರು ತಿಂಗಳುಗಟ್ಟಲೆ ಧರಣಿ ಕೂತರು. ಹೊಲಕ್ಕೆ ನೀರು ಕೇಳಿದ ಅದೇ ಗಂಟಲು, ಕೊರೆಯುವ ಬಂಡೆಗೂ ನೀರು ಕೇಳಲಿ.

ಕೆಲವರು ಹೇಳುತ್ತಾರೆ: ಇದನ್ನೆಲ್ಲ ಕೇಳಿದರೆ ಕೆಲಸವೇ ಹೋಗುತ್ತದೆ, ಬಡವನ ಹೊಟ್ಟೆಗೆ ಯಾರು ದಿಕ್ಕು? ಈ ಭಯ ಸುಳ್ಳಲ್ಲ. ದಿನಗೂಲಿಯ ಮೇಲೆ ನಿಂತ ಮನೆಗೆ ನಾಳೆಯ ಉಸಿರಿಗಿಂತ ಇವತ್ತಿನ ರೊಟ್ಟಿ ದೊಡ್ಡದಾಗಿ ಕಾಣುತ್ತದೆ. ಆ ಕಾರಣಕ್ಕೇ ಈ ಮಾತನ್ನು ಒಬ್ಬ ಕೂಲಿಯ ಹೆಗಲಿಗೆ ಹೊರಿಸಬಾರದು. ಒಬ್ಬನೇ ಕೇಳಿದರೆ ಅವನ ಕೂಲಿ ಹೋಗುತ್ತದೆ. ಊರೇ ಕೇಳಿದರೆ ನೀರಿನ ಪೈಪು ಬರುತ್ತದೆ. ಬೇಡಿಕೆ ಕಲ್ಲುಗಣಿಯನ್ನು ಮುಚ್ಚುವುದಕ್ಕಲ್ಲ, ಕಲ್ಲು ಒಡೆಯುವವನು ಅರವತ್ತು ದಾಟಿ ಮೊಮ್ಮಕ್ಕಳನ್ನು ಎತ್ತಿಕೊಳ್ಳುವಷ್ಟು ಉಸಿರು ಉಳಿಸುವುದಕ್ಕೆ.

ನಾವು ಯಾವ ನೆಲದ ಮಕ್ಕಳು ಎಂಬುದನ್ನು ಮರೆಯಬೇಡಿ. ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ಆಯ್ದಕ್ಕಿ ಮಾರಯ್ಯ, ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಗಂಡನನ್ನೇ ತಿದ್ದಿದ ಲಕ್ಕಮ್ಮ, ಇಬ್ಬರೂ ನಮ್ಮ ಲಿಂಗಸುಗೂರು ಸೀಮೆಯ ಅಮರೇಶ್ವರದವರು. ದುಡಿಮೆಯನ್ನು ಪೂಜೆಗಿಂತ ಮೇಲೆ ಇಟ್ಟ ದಂಪತಿ ಅವರು. ದುಡಿಮೆ ಅಷ್ಟು ಪವಿತ್ರವಾದರೆ ದುಡಿಯುವವನ ಎದೆ ಇನ್ನೆಷ್ಟು ಪವಿತ್ರ? ದುಡಿದವನ ಉಸಿರನ್ನೇ ತಿನ್ನುವ ದುಡಿಮೆಯನ್ನು ಕಂಡೂ ಸುಮ್ಮನಿರುವವರು ಆ ಪರಂಪರೆಯ ಹೆಸರು ಹೇಳುವುದು ಹೇಗೆ?

ಈಗ ನಿಮ್ಮ ಕೈಯಲ್ಲಿರುವ ಬಲವನ್ನು ನೀವೇ ಎಣಿಸಿಕೊಳ್ಳಿ.

ನೀವು ಪದವಿ ಕಾಲೇಜಿನಲ್ಲಿ ಓದುತ್ತಿದ್ದೀರಾ? ನಿಮ್ಮ ಎನ್‌ಎಸ್‌ಎಸ್ ಶಿಬಿರದ ಏಳು ದಿನದಲ್ಲಿ ಒಂದು ದಿನವನ್ನು ಇದಕ್ಕೆ ಕೊಡಿ. ಒಂದು ಹಳ್ಳಿ ಆರಿಸಿಕೊಳ್ಳಿ, ಒಂದು ನೋಟುಬುಕ್ ಹಿಡಿಯಿರಿ. ಮನೆಮನೆಗೆ ಹೋಗಿ ಕಾಕಾನ ಪಕ್ಕ ಕಟ್ಟೆಯ ಮೇಲೆ ಕೂತು, ಅವ್ವನ ಮುಂದೆ ಚಾಪೆಯ ಮೇಲೆ ಕೂತು ಕೇಳಿ: ಯಾವ ಕೆಲಸ ಮಾಡಿದಿರಿ, ಎಲ್ಲಿ ಮಾಡಿದಿರಿ, ಎಷ್ಟು ವರ್ಷ ಮಾಡಿದಿರಿ, ದೂಳು ಇತ್ತೇ, ನೀರು ಹಾಕುತ್ತಿದ್ದರೇ, ದಮ್ಮು ಯಾವಾಗ ಶುರುವಾಯಿತು, ಎಕ್ಸ್‌ರೇ ತೆಗೆಸಿದ್ದೀರೇ? ಒಪ್ಪಿಗೆ ಪಡೆದು ಬರೆಯಿರಿ, ಗುಟ್ಟು ಕಾಪಾಡಿ ಬರೆಯಿರಿ, ಬಿಡದೆ ಬರೆಯಿರಿ. ಊರಿನ ಆಶಾ ಕಾರ್ಯಕರ್ತೆಯನ್ನು ಜತೆಗೆ ಕರೆದುಕೊಳ್ಳಿ. ಆಕೆಗೆ ಗೊತ್ತಿರುವಷ್ಟು ಮನೆಗಳ ಕಷ್ಟ ಯಾವ ಕಡತಕ್ಕೂ ಗೊತ್ತಿಲ್ಲ. ಬರೆದದ್ದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರ ಮೇಜಿನ ಮೇಲೆ ಇಡಿ.

ನೀವು ವೈದ್ಯಕೀಯ ಓದುತ್ತಿದ್ದೀರಾ? ರಾಯಚೂರಿನಲ್ಲಿ 2007ರಿಂದ ರಿಮ್ಸ್ ಇದೆ. ಕೆಮ್ಮುವ ರೋಗಿಯ ಚೀಟಿಯ ಮೇಲೆ ವಯಸ್ಸು ಬರೆದ ಹಾಗೆಯೇ ಕೆಲಸವನ್ನೂ ಬರೆಯುವ ರೂಢಿ ನಿಮ್ಮ ಪೆನ್ನಿನಿಂದ ಶುರುವಾಗಲಿ. ಬೆಂಗಳೂರಿನಲ್ಲಿ ಕಾರ್ಮಿಕರ ಆರೋಗ್ಯಕ್ಕೆಂದೇ ಐಸಿಎಂಆರ್‌ನ ಪ್ರಾದೇಶಿಕ ಕೇಂದ್ರವಿದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ರಕ್ತದಲ್ಲಿನ ಸಿಸಿ16 ಎಂಬ ಪ್ರೋಟೀನನ್ನು ಅಳೆದು ರೋಗವನ್ನು ಬೇಗನೆ ಗುರುತಿಸುವ ಪರೀಕ್ಷೆಯನ್ನು ರೂಪಿಸಿದೆ. ಎಕ್ಸ್‌ರೇಯಲ್ಲಿ ಗಂಟು ಕಾಣುವ ಮೊದಲೇ ದೂಳಿನ ಕೆಲಸದಿಂದ ಒಬ್ಬನನ್ನು ಬಿಡಿಸಿದರೆ ಅವನಿಗೆ ಎಷ್ಟು ವರ್ಷಗಳ ಬಾಳು ಸಿಕ್ಕೀತು! ಇಂಥ ಪರೀಕ್ಷೆ ಪ್ರಯೋಗಾಲಯದಿಂದ ಹೊರಬಿದ್ದು ನಮ್ಮ ತಾಲ್ಲೂಕು ಆಸ್ಪತ್ರೆಗೆ ಬರಬೇಕು. ಅದನ್ನು ಇಲ್ಲಿಗೆ ಕರೆಸುವ ಸಂಶೋಧಕ ಯಾರು? ನೀವೇ ಏಕೆ ಆಗಬಾರದು?

ನೀವು ಕಂಪ್ಯೂಟರ್ ಓದುತ್ತಿದ್ದೀರಾ? ರಾಯಚೂರಿಗೆ 2019ರಲ್ಲಿ ಐಐಐಟಿ ಬಂದಿದೆ. ಎದೆಯ ಎಕ್ಸ್‌ರೇಯಲ್ಲಿ ಕ್ಷಯದ ಕಲೆ ಯಾವುದು, ಸಿಲಿಕೋಸಿಸ್‌ನ ಗಂಟು ಯಾವುದು ಎಂದು ಬೇರ್ಪಡಿಸಲು ವೈದ್ಯರಿಗೆ ನೆರವಾಗುವ ತಂತ್ರಾಂಶವನ್ನು ನಮ್ಮ ಎಕ್ಸ್‌ರೇಗಳಿಂದಲೇ, ನಮ್ಮ ಹುಡುಗರೇ ಕಟ್ಟಲಿ. ನೀವು ಡಿಪ್ಲೊಮಾ, ಐಟಿಐ ಓದಿದವರಾ? ಕಡಿಮೆ ನೀರಿನಲ್ಲಿ ದೂಳು ಅಡಗಿಸುವ, ಸಣ್ಣ ಕ್ವಾರಿಯ ಮಾಲೀಕನೂ ಕೊಳ್ಳಬಲ್ಲ ಸಲಕರಣೆಯನ್ನು ನಿಮ್ಮ ವರ್ಕ್‌ಶಾಪಿನಲ್ಲಿ ಮಾಡಿ ತೋರಿಸಿ. ನೀರು ಕಡಿಮೆ ಇರುವ ನಾಡಿಗೆ ಬೇಕಾದದ್ದನ್ನು ನೀರು ಕಡಿಮೆ ಇರುವ ನಾಡಿನವರೇ ಕಂಡುಹಿಡಿಯಬೇಕು. ನೀವು ಕಾನೂನು ಓದುತ್ತಿದ್ದೀರಾ? 1923ರ ಪರಿಹಾರ ಕಾಯ್ದೆಯ ಕಾಲದಿಂದ ಬಂದ ಹಕ್ಕುಗಳು, ಗಣಿ ಕಾನೂನು ಕೊಟ್ಟ ಕಾಲಕಾಲದ ವೈದ್ಯ ತಪಾಸಣೆಯ ಹಕ್ಕು, ಕಟ್ಟಡ ಕಾರ್ಮಿಕರ ಲೇಬರ್ ಕಾರ್ಡಿನ ಸೌಲಭ್ಯ, ಇವು ಕಾಗದದ ಮೇಲೆ ಇವೆ. ಕಾಗದದಿಂದ ಇಳಿಸಿ ಮನುಷ್ಯನ ಕೈಗೆ ಕೊಡಿ. ಗೊತ್ತಿಲ್ಲದ ಲೆಕ್ಕವನ್ನು ಮಾಹಿತಿ ಹಕ್ಕಿನಡಿ ಕೇಳಿ.

ಹಾಡುವವರಿದ್ದೀರಾ? ಜಾತ್ರೆಯಲ್ಲಿ ಹಾಡಿ. ನಾಟಕ ಆಡುವವರಿದ್ದೀರಾ? ಕ್ರಷರಿನ ಮುಂದಿನ ಬಯಲಲ್ಲಿ ಆಡಿ. ರೀಲ್ಸ್ ಮಾಡುವವರಿದ್ದೀರಾ? ಟವೆಲ್ ದೂಳನ್ನು ತಡೆಯುವುದಿಲ್ಲ ಎಂಬ ಒಂದೇ ಮಾತನ್ನು ಅರ್ಧ ನಿಮಿಷದಲ್ಲಿ ಹೇಳಿ. ಗುಳೆ ಹೋದ ಅಣ್ಣಂದಿರ ಮೊಬೈಲಿಗೆ ಅದು ನಮ್ಮ ಮಾತಿಗಿಂತ ಬೇಗ ತಲುಪುತ್ತದೆ.

ಸಂಶೋಧನೆ ಎಂದರೆ ದೂರದ ದೊಡ್ಡ ನಗರಗಳ ಸ್ವತ್ತು ಎಂದು ಯಾರು ಹೇಳಿದರು? ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಧರಣಿ ಶುರುಮಾಡಿದ ನಮ್ಮ ಜನ ವರ್ಷಗಟ್ಟಲೆ ಬಿಸಿಲು ಮಳೆ ಎನ್ನದೆ ಕೂತರು. ಆ ಕೂಗಿನ ಜತೆಗೆ ಈ ಕೂಗನ್ನೂ ಸೇರಿಸೋಣ: ನಮ್ಮ ನೆಲಕ್ಕೆ ಆಸ್ಪತ್ರೆಯ ಹಾಸಿಗೆಯಷ್ಟೇ ಸಾಲದು, ನಮ್ಮ ರೋಗಗಳನ್ನು ನಮ್ಮಲ್ಲೇ ಅಧ್ಯಯನ ಮಾಡುವ ಪೀಠವೂ ಬೇಕು. ಶ್ವಾಸಕೋಶದಲ್ಲಿ ನಾರು ಬೆಳೆಯುವ ವೇಗವನ್ನು ತಗ್ಗಿಸುವ ಔಷಧಿಗಳು ಬೇರೆ ಕಾಯಿಲೆಗಳಿಗೆ ಈಗಾಗಲೇ ಬಂದಿವೆ. ಸಿಲಿಕೋಸಿಸ್‌ನಲ್ಲಿ ಅವು ಎಷ್ಟರಮಟ್ಟಿಗೆ ಕೆಲಸ ಮಾಡುತ್ತವೆ ಎಂಬ ಅಧ್ಯಯನಗಳು ನಡೆದಿವೆ. ಆ ಉರಿಯೂತವನ್ನು ಮೊದಲ ಕಿಡಿಯಲ್ಲೇ ನಂದಿಸುವ ಔಷಧಿ ಇನ್ನೂ ಹುಟ್ಟಬೇಕಿದೆ. ಅದರ ಬೀಜ ಹಟ್ಟಿಯ ಶಾಲೆಯೊಂದರಲ್ಲಿ ವಿಜ್ಞಾನ ಓದುತ್ತಿರುವ ಹುಡುಗಿಯ ತಲೆಯಲ್ಲಿ ಇರಲಾರದೇ? ಖಂಡಿತ ಇರಬಹುದು. ಅವಳಿಗೆ ಬೇಕಾದದ್ದು ಒಂದು ಪ್ರಯೋಗಾಲಯ, ಒಂದು ವಿದ್ಯಾರ್ಥಿವೇತನ, ಮತ್ತು ಅವಳ ಬೆನ್ನ ಹಿಂದೆ ನಿಂತ ಒಂದು ಊರು.

ಚಿಕ್ಕೂರು ನಮ್ಮದು, ನಮ್ಮಿಂದ ಏನಾದೀತು ಎನ್ನಬೇಡಿ. 1915ರಲ್ಲಿ ಚಿನ್ನದ ಜಾಡು ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯ ಗುಡ್ಡದಲ್ಲಿ ಕಂಡದ್ದು ಚಿನ್ನವನ್ನಲ್ಲ, ಅಶೋಕನ ಶಾಸನವನ್ನು. ದೇವರಿಗೆ ಪ್ರಿಯನಾದವನು ಎಂಬ ಬಿರುದಿನ ಆ ಚಕ್ರವರ್ತಿ ಯಾರು ಎಂದು ವಿದ್ವಾಂಸರು ದಶಕಗಟ್ಟಲೆ ತರ್ಕ ನಡೆಸುತ್ತಿದ್ದಾಗ, ಅಶೋಕ ಎಂಬ ಹೆಸರನ್ನು ಬಿಚ್ಚಿ ಹೇಳಿ ಆ ಪ್ರಶ್ನೆಗೆ ಉತ್ತರ ಕೊಟ್ಟದ್ದು ನಮ್ಮ ಬಂಡೆ. ಚಕ್ರವರ್ತಿಗೆ ಅವನ ಹೆಸರನ್ನು ಮರಳಿಸಿದ ಊರು, ತನ್ನ ಕಲ್ಲುಕುಟಿಗರಿಗೆ ಅವರ ರೋಗದ ಹೆಸರನ್ನು ಕೊಡಲಾರದೇ? ಆ ಶಾಸನದ ತಿರುಳೂ ಇದೇ: ದೊಡ್ಡವರಿಗೆ ಮಾತ್ರ ದಕ್ಕುವ ಸಾಧನೆ ಇದು ಎಂದು ಭಾವಿಸಬೇಡಿ, ಪಟ್ಟು ಹಿಡಿದರೆ ಸಣ್ಣವರಿಗೂ ಇದು ಸಾಧ್ಯ. ಎರಡು ಸಾವಿರದ ಇನ್ನೂರು ವರ್ಷಗಳಿಂದ ನಮ್ಮ ಗುಡ್ಡ ಈ ಮಾತನ್ನು ಹೊತ್ತು ನಿಂತಿದೆ. ಕೇಳಿಸಿಕೊಳ್ಳುವ ಸರದಿ ನಿಮ್ಮದು.

2030ರ ಹೊತ್ತಿಗೆ ಸಿಲಿಕೋಸಿಸ್‌ ಅನ್ನು ಜಗತ್ತಿನಿಂದ ಅಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1995ರಲ್ಲಿ ಗುರಿ ಇಟ್ಟವು. ಆ ಗುರಿ ಜಿನಿವಾದ ಸಭಾಂಗಣದಲ್ಲಿ ಮುಟ್ಟುವಂಥದ್ದಲ್ಲ. ಅದನ್ನು ಮುಟ್ಟಬೇಕಾದದ್ದು ಕ್ವಾರಿಯ ಅಂಚಿನಲ್ಲಿ, ಕ್ರಷರಿನ ಬಾಯಲ್ಲಿ, ಗುಳೆಯ ಬಸ್ಸು ಹೊರಡುವ ನಮ್ಮ ನಿಲ್ದಾಣದಲ್ಲಿ.

ಆದ್ದರಿಂದ ಬರುವ ಭಾನುವಾರಕ್ಕೇ ಮುಹೂರ್ತ ಇಡಿ. ಐದು ಮಂದಿ ಗೆಳೆಯರು ಕೂಡಿ. ಒಂದು ಓಣಿಯಿಂದ ಶುರುಮಾಡಿ. ಓಣಿ ಮುಗಿದರೆ ಊರು, ಊರು ಮುಗಿದರೆ ಹೋಬಳಿ, ಹೋಬಳಿ ಮುಗಿದರೆ ತಾಲ್ಲೂಕು. ನಿಮ್ಮ ಪಟ್ಟಿ ಉದ್ದವಾದಷ್ಟೂ ಅಧಿಕಾರಿಗಳ ಸಬೂಬು ಗಿಡ್ಡವಾಗುತ್ತದೆ. ನಿಮ್ಮ ಪ್ರಶ್ನೆ ಗಟ್ಟಿಯಾದಷ್ಟೂ ಕಂಪ್ರೆಸರಿಗೆ ನೀರು ಬೇಗ ಬರುತ್ತದೆ. ನಿಮ್ಮ ಓದು ಆಳವಾದಷ್ಟೂ ಔಷಧಿ ಹತ್ತಿರವಾಗುತ್ತದೆ. ಈ ನೆಲದ ಕಲ್ಲು ಒಡೆದ ಕೈಗಳು ನಿಮ್ಮನ್ನು ಶಾಲೆಗೆ ಕಳಿಸಿವೆ, ಕಾಲೇಜಿಗೆ ಕಳಿಸಿವೆ, ಕೈಗೆ ಪೆನ್ನು ಕೊಟ್ಟಿವೆ. ಆ ಪೆನ್ನು ಈಗ ಅವರ ಪರವಾಗಿ ಏಳಲಿ. ಕೇಳಿ. ಬರೆಯಿರಿ. ಎಣಿಸಿ. ಒಬ್ಬನ ಉಸಿರೂ ಲೆಕ್ಕಕ್ಕೆ ಸಿಗದೆ ಹೋಗಬಾರದು!